ಸ್ಪೇನಿನೋರು ಹೋದ ದಿನ

ಗುತ್ಯಪ್ಪ ಮೇಷ್ಟ್ರು ಆ ಭಾನುವಾರ ಬೆಳಿಗ್ಗೆ ಅಳಬಾರದಿತ್ತು. ಅಳಲೇಬೇಕಾಗಿದ್ದರೆ ಬಾಗಿಲು ಹಾಕಿಕೊಂಡು ಅಳಬೇಕಿತ್ತು.

ಉಳವಿಯ ಕಡೆಯಿಂದ ಶಿಕಾರಿಪುರದ ಶಾಲೆಗೆ ವರ್ಗವಾಗಿ ಬಂದು ನಾಲ್ಕು ವರ್ಷ. ಹಿಂದಿಲ್ಲ, ಮುಂದಿಲ್ಲ. ಬಾಡಿಗೆ ಕೋಣೆಯಲ್ಲಿ ತಾವೇ ಬೇಯಿಸಿ, ತಾವೇ ಉಂಡು, ಸಾರು ಹೇಗಿದೆ ಎಂದು ತಮ್ಮನ್ನೇ ಕೇಳಿಕೊಳ್ಳುವ ಬಾಳು. ಈಚೆಗೆ ಜೊತೆಗಿದ್ದದ್ದು ಶಾಲೆಯ ಬೀರುವಿನಲ್ಲಿ ಗೆದ್ದಲು ತಿಂದುಳಿದ ಒಂದು ಇಂಗ್ಲಿಷ್ ಪುಸ್ತಕ. ಐನೂರು ವರ್ಷದ ಹಿಂದೆ ಸ್ಪೇನ್ ದೇಶದಲ್ಲಿದ್ದ ಒಬ್ಬ ಬರಹಗಾರನ ಕತೆ. ಹೆಸರು ನಾಲಗೆಯಲ್ಲಿ ಹೊರಳದೆ ಮೇಷ್ಟ್ರು ಅವನನ್ನು ‘ಸ್ಪೇನಿನೋರು’ ಎಂದೇ ಕರೆಯುತ್ತಿದ್ದರು. ರಾಜನ ನೆಂಟನಾಗಿದ್ದೂ ಕತ್ತಿ ಹಿಡಿಯದೆ ಲೇಖನಿ ಹಿಡಿದ ಪುಣ್ಯಾತ್ಮ. ಊಟಕ್ಕೆ ಕೂತಾಗ ಚಾಕು ಹಿಡಿಯುವ ಬಗೆ ಹೇಗೆ ಎಂದು ಒಂದು ಪುಸ್ತಕ ಬರೆದ, ಕೆಟ್ಟ ಕಣ್ಣು ಬಿದ್ದರೆ ಏನು ಮಾಡಬೇಕೆಂದು ಇನ್ನೊಂದು. ಜನ ಮಾಟಗಾರ ಎಂದರು. ಹೆಂಡತಿ ಬಿಟ್ಟು ಹೋದಳು. ಒಂಟಿಯಾಗಿ ಸತ್ತ ಮೇಲೆ ಅವನ ಪುಸ್ತಕಗಳನ್ನು ಬಂಡಿಗೆ ಹೇರಿಕೊಂಡು ಹೋಗಿ ಸುಟ್ಟರು. ಆ ಪುಟಕ್ಕೆ ಬಂದಾಗ ಮೇಷ್ಟ್ರಿಗೆ ದುಃಖ ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡು ನೋಡಿದರೆ ಬಾಗಿಲಲ್ಲಿ ಪಕ್ಕದ ಮನೆಯ ಗುಡ್ಡಮ್ಮ.

“ಅಯ್ಯೋ ಶಿವನೇ! ಏನಾತ್ರೀ ಮೇಷ್ಟ್ರೇ?”

“ಹೋಗಿಬಿಟ್ರು ಗುಡ್ಡಮ್ಮ.”

“ಯಾರ್ರೀ?”

ಪುಸ್ತಕ ಓದಿ ಅಳು ಬಂತು ಎನ್ನಲು ನಾಚಿಕೆಯಾಯಿತು. “ನನಗೆ ಬೇಕಾದೋರು. ಸ್ಪೇನಿನೋರು.”

“ಅದೆಲ್ಲಿ ಬರತೈತ್ರೀ, ಸೊರಬದ ಕಡೀಗಾ?”

“ಅಲ್ಲಿಂದ ಇನ್ನೂ ಸ್ವಲ್ಪ ಆಚೆಗೆ.”

“ಯಾರಾರ ದೃಷ್ಟಿ ಹಾಕಿದ್ರೇನೋ ಪಾಪ! ದೃಷ್ಟಿ ತೆಗಸ್ಬೇಕಿತ್ತು.”

“ಅವರಿಗದು ಚೆನ್ನಾಗಿ ಗೊತ್ತಿತ್ತು,” ಎಂದು ಮೇಷ್ಟ್ರು ಮತ್ತೆ ಬಿಕ್ಕಿದರು.

ಗುಡ್ಡಮ್ಮನ ಕಿವಿಗೆ ಬಿದ್ದ ಮೇಲೆ ಡಂಗುರ ಬೇರೆ ಯಾಕೆ? ಕೇರಿಯೆಲ್ಲ ಜಗಲಿಗೆ ಬಂತು. “ಸೂತಕದ ನೀರು ಬೀಳ್ಬೇಕ್ರೀ,” ಎಂದು ಆಕೆಯ ಗಂಡ ರಾಮಪ್ಪ ಎರಡು ಕೊಡ ತಣ್ಣೀರನ್ನು ಮೇಷ್ಟ್ರ ನೆತ್ತಿಗೆ ಸುರಿದೇಬಿಟ್ಟ. ಮೈಮೇಲಿದ್ದುದು ಇಸ್ತ್ರಿ ಮಾಡಿಸಿದ ಒಂದೇ ಒಂದು ಅಂಗಿ. ಅವತ್ತು ಮಧ್ಯಾಹ್ನದ ಬಸ್ಸಿಗೆ ಹೊಸಬಾಳೆಯ ಹುಚ್ಚರಾಯಪ್ಪನವರು ಮಗಳಿಗೆ ವರನೆಂದು ಮೇಷ್ಟ್ರನ್ನು ನೋಡಲು ಬರುವವರಿದ್ದರು. ಹಿಂದೆ ಮೂರು ಸಂಬಂಧ ಮುರಿದಿದ್ದವು. ಇದೂ ತಪ್ಪಿದರೆ ಮುಂದೆ ಹೆಣ್ಣು ಕೊಡುವವರಿಲ್ಲ ಎಂಬುದು ಮೇಷ್ಟ್ರಿಗೆ ಗೊತ್ತಿತ್ತು.

ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದರು. ಅಷ್ಟರಲ್ಲಿ ಎದುರಿಗೆ ಎಲೆ ಬಿತ್ತು, ಬಿಸಿ ಅನ್ನ ಬಿತ್ತು.

“ಸತ್ತ ದಿನ ಒಲಿ ಹಚ್ಚಂಗಿಲ್ರೀ. ನಾವದೀವಲ್ಲ! ಇನ್ನೊಂದು ತುತ್ತು ಉಣ್ರೀ,” ಎಂದಳು ಗುಡ್ಡಮ್ಮ.

ಇನ್ನೊಂದು ತುತ್ತು ಎಂದು ಯಾರಾದರೂ ಹೇಳಿ ನಾಲ್ಕು ವರ್ಷವಾಗಿತ್ತು. ಉಂಡ ಮೇಲೆ ಹೇಳಿದರಾಯಿತು ಅಂದುಕೊಂಡರು ಮೇಷ್ಟ್ರು. ಉಂಡ ಮೇಲೆ ಮಜ್ಜಿಗೆ ಬಂತು. ಮಜ್ಜಿಗೆಯ ಮೇಲೆ ಎಲೆ ಅಡಿಕೆ ಬಂತು. ಯಾರೋ ಬೆನ್ನು ಸವರಿದರು. ದೇವರಾಣೆ, ಮೇಷ್ಟ್ರಿಗೆ ಸುಖವಾಗಿತ್ತು.

“ಹೆಣ್ಣಿನ ಕಡಿಯೋರ ಚಿಂತಿ ಬಿಡ್ರೀ,” ಎಂದಳು ಗುಡ್ಡಮ್ಮ. “ಸೂತಕದ ಮನಿಗೆ ಬರಬ್ಯಾಡ್ರೀ ಅಂತ ಹೇಳಾಕೆ ನಮ್ಮೋರು ಬಸ್ ಸ್ಟ್ಯಾಂಡಿಗೆ ಹೋಗ್ಯಾರ.”

ಮೇಷ್ಟ್ರು ಎದ್ದು ನಿಂತರು. “ಸೂತಕ ಇಲ್ಲ ಕಣ್ರಮ್ಮಾ! ಅವರು ಸತ್ತು ಐನೂರು ವರ್ಷ ಆಯ್ತು! ಪುಸ್ತಕದಲ್ಲಿ!”

ಗುಡ್ಡಮ್ಮನ ಕೈಯ ಅಡಿಕೆತಟ್ಟೆ ಅಲ್ಲೇ ನಿಂತಿತು. ಅವಳ ಮುಖ ನೋಡುತ್ತ ನಿಲ್ಲಲು ಮೇಷ್ಟ್ರಿಗೆ ಪುರುಸೊತ್ತಿರಲಿಲ್ಲ. ಒದ್ದೆ ಪಂಚೆ ಎತ್ತಿ ಕಟ್ಟಿ ಓಡಿದರು.

ಹುಚ್ಚರಾಯಪ್ಪನವರ ಒಂದು ಕಾಲು ಆಗಲೇ ವಾಪಸ್ ಬಸ್ಸಿನ ಮೆಟ್ಟಿಲ ಮೇಲಿತ್ತು. ಮೇಷ್ಟ್ರು ಅವರ ಕೊಡೆ ಹಿಡಿದು ಜಗ್ಗಿ, ಏದುಸಿರಿನಲ್ಲೇ ಸ್ಪೇನಿನವರ ಹುಟ್ಟಿನಿಂದ ಬೂದಿಯವರೆಗೆ ಎಲ್ಲ ಹೇಳಿ ಮುಗಿಸಿದರು. “ಒಟ್ಟಿನಲ್ಲಿ ಯಾರೂ ಸತ್ತಿಲ್ಲ. ಮನೆಗೆ ಬನ್ನಿ.”

ಹುಚ್ಚರಾಯಪ್ಪ ನಗಲಿಲ್ಲ. ಕಾಲು ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

“ಎಂಥ ಕೆಲಸ ಮಾಡಿದ್ರಿ ಮಾರಾಯ್ರೇ! ಹುಡುಗೀಗೆ ಮೊನ್ನೆ ಬೇರೆ ಕಡೆ ಮದ್ವೆ ಗೊತ್ತಾಯ್ತು. ಅದನ್ನ ನಿಮ್ಮ ಮುಖ ನೋಡಿ ಹೆಂಗಪ್ಪ ಹೇಳೋದು ಅಂತ ದಾರಿಯುದ್ದಕ್ಕೂ ಒದ್ದಾಡ್ತಾ ಬಂದಿದ್ದೆ. ಸೂತಕ ಅಂದ್ರು, ಬದುಕಿದೆ ಅಂದ್ಕಂಡೆ. ನೀವೇ ಓಡಿ ಬಂದು ಹೇಳಿಸ್ಕಂಡ್ರಲ್ಲ!”

ಬಸ್ಸು ಹೋಯಿತು. ಮೇಷ್ಟ್ರು ಮನೆಗೆ ಬಂದರೆ ಜಗಲಿ ಖಾಲಿ. ಉಳಿದಿದ್ದ ಸಾರಿನ ಪಾತ್ರೆಯನ್ನೂ ಗುಡ್ಡಮ್ಮ ಎತ್ತಿಕೊಂಡು ಹೋಗಿದ್ದಳು. ಒಲೆ ಹಚ್ಚಿ ಅದರ ಮುಂದೆ ಕೂತರು. ಈಗ ಬಂದ ಅಳು ಸ್ಪೇನಿನವರದಲ್ಲ, ಸ್ವಂತದ್ದು. ಗಟ್ಟಿಯಾಗಿಯೇ ಅತ್ತರು. ಬಾಗಿಲು ತೆರೆದೇ ಇತ್ತು.

“ಈಗ್ಯಾರ್ರೀ ಮೇಷ್ಟ್ರೇ?” ಗೋಡೆಯಾಚೆಯಿಂದ ಗುಡ್ಡಮ್ಮ ಕೂಗಿದಳು. “ಮತ್ತ ಐನೂರು ವರ್ಷದೋರಾ?” ಮನೆಮಂದಿಯೆಲ್ಲ ನಕ್ಕರು.

“ಹೌದು ಗುಡ್ಡಮ್ಮ, ಅವರೇ,” ಎಂದು ಮೇಷ್ಟ್ರು ಒಬ್ಬರಿಗಾಗುವಷ್ಟು ಅಕ್ಕಿ ತೊಳೆದರು.