ಹತ್ತು ಕಿಲೋಮೀಟರಿಗೆ ಸಾಲುವಷ್ಟು ಬೈಗುಳ

ಬೀಗದ ರಾಯರಿಗೆ ಹೆಂಡತಿಯ ಮೇಲೆ ಇದ್ದದ್ದು ಒಂದೇ ಒಂದು ದೂರು. ಆಕೆ ಬೈಯುವುದನ್ನು ನಿಲ್ಲಿಸಿಬಿಟ್ಟಿದ್ದರು.

(ಇದೂ ಒಂದು ದೂರೇ, ಇಂಥ ಭಾಗ್ಯ ನಮಗೂ ಬರಬಾರದೇ ಎಂದು ನಿಟ್ಟುಸಿರು ಬಿಡುವ ಗಂಡಂದಿರು ದಯವಿಟ್ಟು ಸ್ವಲ್ಪ ತಾಳಬೇಕು. ಭಾಗ್ಯ ಬಂದವರ ಪಾಡು ಕೇಳಿದ ಮೇಲೆ ಬೇಕಾದರೆ ಬಿಡಿ.)

ರಾಯರದು ಬೀಗ ರಿಪೇರಿಯ ಕಸುಬು. ಮಾರುಕಟ್ಟೆಯ ಮೂಲೆಯಲ್ಲಿ, ಎದ್ದು ನಿಂತರೆ ಎರಡೂ ಮೊಣಕೈ ಗೋಡೆಗೆ ತಾಗುವಷ್ಟು ಅಗಲದ ಅಂಗಡಿ. ಒಳಗೆ ಮೊಳೆಗಳಿಗೆ ನೇತುಹಾಕಿದ ನೂರಾರು ಬೀಗದ ಕೈಗಳು, ನಾಲ್ಕಾರು ಅರ, ಒಂದು ಚಿಮಟ, ಎಣ್ಣೆಯ ಡಬ್ಬಿ. ಊರಿನ ಯಾವ ಬಾಗಿಲಾದರೂ ಅವರ ಮುಂದೆ ತೆರೆದುಕೊಳ್ಳುತ್ತಿತ್ತು. ಸ್ವಂತ ಮನೆಯಲ್ಲಿ ಮಾತ್ರ ಅವರಿಗೆ ಬಾಯಿ ತೆರೆಯಲು ಸಂದು ಸಿಗುತ್ತಿರಲಿಲ್ಲ. ಏಕೆಂದರೆ ಹೆಂಡತಿ ಲೈಬ್ರರಿಯಲ್ಲಿ ಕೆಲಸಕ್ಕಿದ್ದರು. ಅಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಪಿಟ್ಟೆನ್ನುವ ಹಾಗಿಲ್ಲ. ಹೀಗೆ ಎಂಟು ಗಂಟೆ ಕೂಡಿಟ್ಟ ಮಾತನ್ನೆಲ್ಲ ಆಕೆ ಜೋಪಾನವಾಗಿ ಮನೆಗೆ ತಂದು, ಚಪ್ಪಲಿ ಬಿಡುವುದಕ್ಕೂ ಮೊದಲೇ ರಾಯರ ತಲೆಯ ಮೇಲೆ ಸುರಿಯುತ್ತಿದ್ದರು. ಹಾಸಿಗೆಯ ಮೇಲಿನ ಒದ್ದೆ ಟವೆಲ್ಲು, ಖಾಲಿ ಕೋಣೆಯಲ್ಲಿ ತಿರುಗುತ್ತಿರುವ ಫ್ಯಾನು, ಮುಚ್ಚಳ ಹಾಕದ ಟೂತ್‌ಪೇಸ್ಟು, ವಿಷಯಕ್ಕೇನು ಬರವೇ? ಮೂವತ್ತೊಂದು ವರ್ಷ ಈ ಅಭಿಷೇಕ ಒಂದು ದಿನವೂ ತಪ್ಪಿರಲಿಲ್ಲ.

ಎಂಟು ತಿಂಗಳ ಹಿಂದೆ ಒಂದು ಬೆಳಗ್ಗೆ ರಾಯರು ಅಡುಗೆಮನೆಯ ಹೊಸ್ತಿಲಲ್ಲಿ ಎದೆ ಹಿಡಿದುಕೊಂಡು ಕುಸಿದರು. ಕಣ್ಣು ಬಿಟ್ಟಾಗ ಆಸ್ಪತ್ರೆ. ಹೃದಯದ ನಾಳವೊಂದು ಕಟ್ಟಿಕೊಂಡಿತ್ತು, ಸ್ಟೆಂಟ್ ಕೂರಿಸಿ ದಾರಿ ಬಿಡಿಸಿದ್ದೇವೆ ಎಂದು ಡಾಕ್ಟರು ವಿವರಿಸಿದಾಗ ರಾಯರಿಗೆ ತಮ್ಮ ಕಸುಬಿನವರೇ ಸಿಕ್ಕಷ್ಟು ಸಂತೋಷವಾಯಿತು. ಮೂರು ತಿಂಗಳಾಗುವಷ್ಟರಲ್ಲಿ ಡಾಕ್ಟರು ಅವರನ್ನು ಗುಂಡುಕಲ್ಲು ಎಂದು ಘೋಷಿಸಿದರು. ಆದರೆ ಹೆಂಡತಿ ಮಾತ್ರ ಅದನ್ನು ನಂಬಿದ ಹಾಗೆ ಕಾಣಲಿಲ್ಲ.

ಮನೆಗೆ ಬಂದ ದಿನದಿಂದ ಆಕೆಯ ದನಿಯೇ ಬೇರೆಯಾಗಿತ್ತು. ‘ಪರವಾಗಿಲ್ಲ ಬಿಡಿ’, ‘ನೀವು ಕೂತಿರಿ’, ‘ನಾನು ನೋಡ್ಕೋತೀನಿ’. ಲೈಬ್ರರಿಯ ದನಿಯನ್ನೇ ಮನೆಯಲ್ಲೂ ಮುಂದುವರಿಸಿದ್ದರು. ಮೊದಲ ವಾರ ರಾಯರಿಗೆ ಸ್ವರ್ಗ ಮೂರೇ ಗೇಣು. ಎರಡನೆಯ ವಾರ ಕಿವಿಯಲ್ಲಿ ಏನೋ ಜುಂಯ್ ಎನ್ನತೊಡಗಿತು. ಮೂರನೆಯ ವಾರ ಅವರಿಗೆ ಭಯವಾಯಿತು. ಪರೀಕ್ಷೆಗೆಂದು ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ, ಅದೂ ಆಕೆ ಮಲಗುವ ಬದಿಗೆ ಎಸೆದು ಬಾಗಿಲ ಹಿಂದೆ ನಿಂತರು. ಆಕೆ ಬಂದರು, ನೋಡಿದರು, ಟವೆಲ್ಲು ಎತ್ತಿ ಹಿಂಡಿ ಹಗ್ಗಕ್ಕೆ ಹಾಕಿದರು. ಒಂದೇ ಒಂದು ಮಾತಿಲ್ಲ. ಮರುದಿನ ರಾಯರು ಇಡೀ ಮನೆಯ ಫ್ಯಾನು ಹಾಕಿ ಅಂಗಡಿಗೆ ಹೋದರು. ಅದಕ್ಕೂ ಇಲ್ಲ. ಕೊನೆಗೆ ಎದೆ ಗಟ್ಟಿ ಮಾಡಿಕೊಂಡು (ಡಾಕ್ಟರು ಗಟ್ಟಿ ಮಾಡಿ ಕೊಟ್ಟಿದ್ದರಲ್ಲ) ಲೈಬ್ರರಿಯ ಪುಸ್ತಕವೊಂದರ ಪುಟದ ಮೂಲೆಯನ್ನು ಗುರುತಿಗೆಂದು ಮಡಚಿಟ್ಟರು. ಹಿಂದಿನ ಕಾಲದಲ್ಲಿ ಇದಕ್ಕೆ ಕ್ಷಮೆಯೇ ಇರಲಿಲ್ಲ. ಆಕೆ ಮೂಲೆಯನ್ನು ಬೆರಳಿನಿಂದ ತೀಡಿ ನೆಟ್ಟಗೆ ಮಾಡಿ, ಒಂದು ಚೀಟಿ ಇಟ್ಟು ಮುಚ್ಚಿದರು.

ಅವತ್ತು ರಾಯರು ಅಂಗಡಿಯಲ್ಲಿ ಕೂತು ಬಹಳ ಹೊತ್ತು ಯೋಚಿಸಿದರು. ರಿಪೇರಿಯಾಗುವ ಬೀಗವನ್ನು ಅವರು ಅರದಿಂದ ಉಜ್ಜುತ್ತಾರೆ, ಸುತ್ತಿಗೆಯಿಂದ ಬಡಿಯುತ್ತಾರೆ, ಬಾಯಿಗೆ ಬಂದಂತೆ ಶಪಿಸುತ್ತಾರೆ. ಇನ್ನು ಇದರ ಕಥೆ ಮುಗಿಯಿತು ಎನಿಸಿದ ಬೀಗಕ್ಕೆ ಮಾತ್ರ ಎರಡು ಹನಿ ಎಣ್ಣೆ ಬಿಟ್ಟು, ಬಟ್ಟೆಯಿಂದ ಒರೆಸಿ ಮೇಲಿನ ಹಲಗೆಯ ಮೇಲೆ ಇಟ್ಟುಬಿಡುತ್ತಾರೆ. ತಮ್ಮನ್ನೂ ಹಲಗೆಯ ಮೇಲೆ ಇಟ್ಟಾಯಿತು ಎಂದು ಅವರಿಗೆ ಅನಿಸಿತು. ಒಂದು ಸಲ ಬಾಯಿಬಿಟ್ಟು ಕೇಳಿಯೂ ನೋಡಿದ್ದರು. ಯಾಕೆ, ಈಗೀಗ ಬೈಯೋದೇ ಇಲ್ಲವಲ್ಲ ನೀನು, ಎಂದರೆ ಆಕೆ ನಕ್ಕು, ವಯಸ್ಸಾಯಿತಲ್ಲ ರೀ ಎಂದು ಒಳಗೆ ಹೋಗಿದ್ದರು. ಆ ನಗುವಿನಿಂದ ರಾಯರ ಸಂಕಟ ಇನ್ನಷ್ಟು ಹೆಚ್ಚಾಯಿತು.

ಆಗಲೇ ಆಸ್ಪತ್ರೆಯ ಗೋಡೆಯ ಮೇಲೆ ಆ ನೋಟೀಸು ಕಂಡದ್ದು. ಹೃದಯದ ಚಿಕಿತ್ಸೆ ಮುಗಿಸಿದವರಿಗಾಗಿ, ಕೆರೆಯ ಸುತ್ತ ಎರಡು ಸುತ್ತು, ಹತ್ತು ಕಿಲೋಮೀಟರಿನ ಓಟ. ರಾಯರ ತಲೆಯಲ್ಲಿ ದೀಪ ಹೊತ್ತಿತು. ಹತ್ತು ಕಿಲೋಮೀಟರು ಓಡಿದವನನ್ನು ಯಾರೂ ಹಲಗೆಯ ಮೇಲೆ ಇಡುವುದಿಲ್ಲ. ಅಂಥವನನ್ನು ಧಾರಾಳವಾಗಿ ಬೈಯಬಹುದು. ಡಾಕ್ಟರರ ಒಪ್ಪಿಗೆ ಪಡೆದು ಹೆಸರು ಕೊಟ್ಟೇ ಬಿಟ್ಟರು. ಬಿಪಿ ನೋಡುವಾಗಲೂ ಏದುಸಿರು ಬಿಡುತ್ತಿದ್ದ ಮನುಷ್ಯ ಓಟಕ್ಕೆ ಹೊರಟದ್ದು ಕೇಳಿ ಹೆಂಡತಿಯ ಮುಖ ಬಿಳಿಚಿಕೊಂಡಿತು. ಆದರೂ ಆಕೆ ಹೇಳಿದ್ದು, ನಿಮಗೆ ಖುಷಿಯಾದರೆ ಆಯಿತು ಎಂದಷ್ಟೆ.

ತರಬೇತಿಗೆ ಆಸ್ಪತ್ರೆಯವರೇ ಒಬ್ಬಾಕೆಯನ್ನು ನೇಮಿಸಿದ್ದರು. ಇಪ್ಪತ್ತೇಳರ ಹರೆಯ, ಕೊರಳಲ್ಲಿ ಸೀಟಿ. ಎಲ್ಲರೂ ಆಕೆಯನ್ನು ಸೀಟಿ ಮೇಡಂ ಎನ್ನುತ್ತಿದ್ದರು. ಮೂರು ಕಿಲೋಮೀಟರಿನವರೆಗೆ ಕಾಲು ಓಡುತ್ತದೆ, ಆಮೇಲೆ ಓಡಬೇಕಾದ್ದು ತಲೆ, ಎಂಬುದು ಆಕೆಯ ಸಿದ್ಧಾಂತ. ಆದ್ದರಿಂದ ಪ್ರತಿಯೊಬ್ಬರೂ ತಮಗೊಂದು ಮಂತ್ರ ಹುಡುಕಿಕೊಳ್ಳಬೇಕು. ಚಿಕ್ಕದಾಗಿರಬೇಕು, ಉಸಿರಿಗೆ ಹೊಂದಬೇಕು, ಮನಸ್ಸಿಗೆ ನಾಟಬೇಕು. ಉದಾಹರಣೆಗೆ, ‘ನಾನು ಗಾಳಿ, ನಾನು ಹಗುರ’.

ಎಂಬತ್ತನಾಲ್ಕು ಕಿಲೋ ತೂಗುವ ರಾಯರು ಎರಡು ದಿನ ಇದನ್ನು ಜಪಿಸಿದರು. ಮೂರನೆಯ ದಿನ ಮೊಣಕಾಲು ಒಪ್ಪಲಿಲ್ಲ. ಸುಳ್ಳಿಗೂ ಒಂದು ಮಿತಿ ಬೇಡವೇ? ಬಳಿಕ ಆಕೆ ಮನಸ್ಸಿನ ಉಪಾಯಗಳನ್ನು ಹೇಳಿಕೊಟ್ಟರು. ದೂರದ ಗೇಟೊಂದನ್ನು ಆರಿಸಿಕೊಂಡು, ಅದು ನಿಮ್ಮನ್ನು ಹಗ್ಗ ಕಟ್ಟಿ ಎಳೆಯುತ್ತಿದೆ ಎಂದು ಭಾವಿಸಿ, ಎಂದರು. ಗೇಟು ಎಳೆದದ್ದು ನಿಜ. ಆದರೆ ರಾಯರು ಅದರ ಬೀಗ ನೋಡುತ್ತಾ ಅಲ್ಲೇ ನಿಂತರು. ಹಳೆಯ ಕಾಲದ ಲಿವರ್ ಬೀಗ, ಮಳೆಗೆ ತುಕ್ಕು ಹಿಡಿದು ಅನಾಥವಾಗಿತ್ತು. ನಗುನಗುತ್ತಾ ಓಡಿದರೆ ಆಯಾಸ ಗೊತ್ತಾಗುವುದಿಲ್ಲ ಎಂಬುದು ಇನ್ನೊಂದು ಉಪಾಯ. ಎದುರಿಗೆ ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ರಸ್ತೆಯ ಆಚೆ ಬದಿಗೆ ದಾಟತೊಡಗಿದ ಮೇಲೆ ರಾಯರು ನಗುವುದನ್ನು ಬಿಟ್ಟರು. ಜೊತೆಗಾರ ನಿವೃತ್ತ ಪೋಸ್ಟ್‌ಮಾಸ್ಟರರಿಗೆ (ಅವರದು ಬೈಪಾಸ್, ಆ ಬಗ್ಗೆ ಸ್ವಲ್ಪ ಜಂಭವೂ ಇತ್ತು), ಮೊದಲು ಮನೆಮನೆಗೆ ಟಪಾಲು ಹಂಚಿ ಮೇಲೆ ಬಂದವರಾದ್ದರಿಂದ, ‘ಇನ್ನೊಂದೇ ಮನೆ, ಇನ್ನೊಂದೇ ಮನೆ’ ಎಂಬ ಮಂತ್ರ ಸಲೀಸಾಗಿ ಹತ್ತಿತು. ರಾಯರಿಗೆ ಯಾವುದೂ ಹತ್ತಲಿಲ್ಲ. ನಾಲ್ಕನೆಯ ಕಿಲೋಮೀಟರಿಗೆ ಬಂದು ಕಲ್ಲುಬೆಂಚಿನ ಮೇಲೆ ಕೂರುವುದೇ ಅವರ ಪಾಡಾಯಿತು.

ಒಂದು ಬೆಳಗ್ಗೆ ಅದೇ ಬೆಂಚು ಹತ್ತಿರವಾಗುತ್ತಿದ್ದಾಗ, ಕರೆಯದೆ, ಜಪಿಸದೆ, ಒಂದು ಸಾಲು ತಾನಾಗಿ ತಲೆಯೊಳಗೆ ಎದ್ದಿತು. ‘ಒದ್ದೆ ಟವೆಲ್ಲು, ಹಾಸಿಗೆ ಮೇಲೆ. ಒದ್ದೆ ಟವೆಲ್ಲು, ಹಾಸಿಗೆ ಮೇಲೆ.’ ದನಿ ಹೆಂಡತಿಯದೇ, ಹಿಂದಿನ ಕಾಲದ ಅದೇ ಖಾರದ ದನಿ. ಬಲಗಾಲಿಗೆ ಟವೆಲ್ಲು, ಎಡಗಾಲಿಗೆ ಹಾಸಿಗೆ. ಉಸಿರು ಎಳೆಯುವಾಗ ಅಪರಾಧ, ಬಿಡುವಾಗ ಅಪರಾಧ ನಡೆದ ಸ್ಥಳ. ಬೆಂಚು ಹಿಂದೆ ಹೋದದ್ದು ರಾಯರಿಗೆ ತಿಳಿಯಲೇ ಇಲ್ಲ. ಐದು ಕಿಲೋಮೀಟರು ಮುಗಿಸಿ ನಿಂತಾಗ ಕಣ್ಣಲ್ಲಿ ನೀರಿತ್ತು. ಬೆವರು ಎಂದು ಪೋಸ್ಟ್‌ಮಾಸ್ಟರರಿಗೆ ಹೇಳಿದರು.

ಆಮೇಲೆ ತಡೆಯುವವರು ಯಾರು? ರಾಯರು ತಮ್ಮ ದಾಂಪತ್ಯದ ಭಂಡಾರವನ್ನೇ ಕೆರೆಯ ದಾರಿಗೆ ಹೊಂದಿಸಿಕೊಂಡರು. ಸಮತಟ್ಟಿಗೆ ಟವೆಲ್ಲು. ಇಳಿಜಾರಿಗೆ ‘ಫ್ಯಾನು ಹಾಕೋರ್ಯಾರು, ಆರಿಸೋರ್ಯಾರು’. ಏರಿಗೆ ಬೇಕಾದದ್ದು ಗಟ್ಟಿ ಮಾಲು. ಅಲ್ಲಿ ‘ಒಂದು ಕೆಲಸ, ನೆಟ್ಟಗುಂಟಾ’ ಎಂಬುದನ್ನು ಇಟ್ಟರು. ಎಂಟು ತಿಂಗಳಿಂದ ಮನೆಯಲ್ಲಿ ಕೇಳದ ದನಿ ದಿನಾ ಬೆಳಗ್ಗೆ ಕೆರೆಯ ಬಳಿ ಸಿಗುತ್ತಿತ್ತು. ಹೆಂಡತಿಯನ್ನು ಮನೆಯಲ್ಲಿ ಬಿಟ್ಟು, ಹೆಂಡತಿಯನ್ನು ನೋಡಲೆಂದೇ ಓಡಿ ಬರುತ್ತಿದ್ದ ಗಂಡ ಅವರೊಬ್ಬರೇ ಇರಬೇಕು.

ಓಟದ ದಿನ ಬಂತು. ಬೆಳಗ್ಗೆ ಆಕೆ ರಾಯರ ಶೂಗೆ ತಾವೇ ಲೇಸು ಕಟ್ಟಿದರು. ಆಗದಿದ್ದರೆ ನಿಂತುಬಿಡಿ, ಯಾರೂ ಏನೂ ಅನ್ನೋಲ್ಲ, ಎಂದರು. ಮಾತ್ರೆ, ನೀರು, ಒಣ ಶರಟು, ಆಸ್ಪತ್ರೆಯ ಫೈಲು ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿಕೊಂಡು, ಓಟ ಮುಗಿಯುವ ಗೆರೆಗೆ ನೂರು ಮೀಟರು ಮೊದಲು ಹಗ್ಗ ಹಿಡಿದು ನಿಂತರು. ರಾಯರು ಅರವತ್ತು ಜನರ ನಡುವೆ, ಪೋಸ್ಟ್‌ಮಾಸ್ಟರರ ಪಕ್ಕದಲ್ಲಿ ಹೊರಟರು.

ಮೊದಲ ಸುತ್ತು ಮನಸ್ಸಿನಲ್ಲೇ ಜಪಿಸುತ್ತಾ ಮುಗಿಯಿತು. ಏಳನೆಯ ಕಿಲೋಮೀಟರಿನ ಏರಿನಲ್ಲಿ ಉಸಿರು ಕೈಕೊಟ್ಟು, ಮಂತ್ರ ತುಟಿ ದಾಟಿ ಹೊರಗೆ ಬಂತು. ‘ಒಂದು ಕೆಲಸ, ನೆಟ್ಟಗುಂಟಾ.’ ಪಕ್ಕದಲ್ಲಿ ಪೋಸ್ಟ್‌ಮಾಸ್ಟರರು ತಮ್ಮ ಮನೆಗಳನ್ನೆಲ್ಲ ಮುಗಿಸಿ ಬರಿದಾಗಿದ್ದರು. ಅವರು ಎರಡು ಸಲ ಕೇಳಿಸಿಕೊಂಡು ಮೂರನೆಯ ಸಲಕ್ಕೆ ದನಿಗೂಡಿಸಿದರು. ಸಾಲು ಅವರಿಗೂ ಎಲ್ಲೋ ಕೇಳಿದ್ದೇ ಅನಿಸಿರಬೇಕು. ಹಿಂದೆ ಕುಂಟುತ್ತಿದ್ದ ನಾಲ್ವರು ಸೇರಿಕೊಂಡರು, ಅವರ ಹಿಂದಿನವರೂ ಸೇರಿಕೊಂಡರು. ಒಬ್ಬ ನಿವೃತ್ತ ನ್ಯಾಯಾಧೀಶರೂ ಇದ್ದರು ಎಂದು ಆಮೇಲೆ ತಿಳಿಯಿತು. ಏರು ಮುಗಿದಾಗ ರಾಯರು, ಪುರೋಹಿತರ ಹಾಗೆ, ಮುಂದಿನ ಮಂತ್ರಕ್ಕೆ ಬದಲಾಯಿಸಿದರು. ‘ಫ್ಯಾನು ಹಾಕೋರ್ಯಾರು’ ಎಂದು ಮುಂದಿನ ಸಾಲಿನವರು ಕೇಳಿದರೆ ‘ಆರಿಸೋರ್ಯಾರು’ ಎಂದು ಹಿಂದಿನವರು ಗುಡುಗುತ್ತಿದ್ದರು. ರಿಪೇರಿಯಾದ ಮೂವತ್ತು ಹೃದಯಗಳು ಒಂದೇ ತಾಳದಲ್ಲಿ ಕೊನೆಯ ತಿರುವಿಗೆ ಬಂದವು. ಅಲ್ಲಿಂದ ದಾರಿ ಸಮತಟ್ಟು. ಆದ್ದರಿಂದ ಟವೆಲ್ಲು.

ಹಗ್ಗ ಹಿಡಿದು ನಿಂತಿದ್ದ ರಾಯರ ಹೆಂಡತಿಗೆ ಮೊದಲು ಕೇಳಿಸಿದ್ದು ಆ ಘೋಷ. ತಮ್ಮ ಮಲಗುವ ಕೋಣೆಯ ಮಾತು, ಗೊತ್ತಿಲ್ಲದ ಗಂಡಸರ ಮೂವತ್ತು ಬಾಯಿಗಳಿಂದ, ಬೀದಿಯ ಉದ್ದಕ್ಕೂ. ಒಂದು ತಿದ್ದುಪಡಿಗೂ ಎಡೆಯಿಲ್ಲದಂತೆ ಅಕ್ಷರಕ್ಷರವೂ ಸರಿಯಾಗಿತ್ತು. ಆಕೆಯ ಮುಖಕ್ಕೆ ಎಂಟು ತಿಂಗಳ ಬಳಿಕ ಬಣ್ಣ ಬಂತು. ಹಗ್ಗದಡಿ ಬಗ್ಗಿ, ಚೀಲದ ಸಮೇತ ರಸ್ತೆಯ ನಡುವೆ ನಿಂತರು.

“ಮನೆ ಮಾತನ್ನೆಲ್ಲ ಬೀದಿಗೆ ತಂದ್ರಾ? ನಾಚಿಕೆ ಆಗೋಲ್ವಾ ನಿಮಗೆ?”

ರಾಯರು ಗಕ್ಕನೆ ನಿಂತರು. ಘೋಷ ಎಬ್ಬಿಸಿದವರೇ ನಿಂತದ್ದರಿಂದ ಮಿಕ್ಕವರು ಎರಡೂ ಬದಿಯಿಂದ ಹಾದು, ಗೆರೆಯ ಕಡೆಗೆ ಟವೆಲ್ಲನ್ನು ಹೊತ್ತುಕೊಂಡು ಹೋದರು. ರಾಯರ ಮುಖದ ಮೇಲೆ ಎಂಥ ನಗೆ ಹರಡಿತೆಂದರೆ ಸೀಟಿ ಮೇಡಂ ಅದನ್ನು ನೋಡಿದ್ದರೆ ಪಾಠಕ್ಕೆ ಇಡುತ್ತಿದ್ದರು.

“ಇನ್ನೂ ಬೈಯಿ,” ಎಂದರು ಅವರು.

ಆಕೆ ಬಾಯಿ ತೆರೆದವರು ತಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ತುಂಬಿ ಬಂತು. ಇನ್ನೊಂದು ಕೈ ತಾನಾಗಿ ರಾಯರ ಎದೆಯ ಮೇಲೆ ಹೋಗಿ, ಬಡಿತ ನೋಡುತ್ತಾ ನಿಂತಿತು.

“ಅವತ್ತೂ ಹೀಗೇ ಬೈತಾ ಇದ್ದೆ ರೀ,” ಎಂದರು ಸಣ್ಣ ದನಿಯಲ್ಲಿ. “ನಾನು ಬೈತಾ ಬೈತಾನೇ ನೀವು ಬಿದ್ದದ್ದು. ನನ್ನ ಬಾಯಿಂದಲೇ ಆಯ್ತು. ಇನ್ನು ಈ ಜನ್ಮದಲ್ಲಿ ನಿಮ್ಮನ್ನ ಒಂದು ಮಾತು ಅನ್ನೋಲ್ಲ ಅಂತ ಆಸ್ಪತ್ರೆ ಬಾಗಿಲಲ್ಲಿ ಹೇಳಿಕೊಂಡಿದ್ದೆ.”

ತಾವು ಹಲಗೆಯ ಮೇಲೆ ಕೂತು ಕೊರಗುತ್ತಿದ್ದಾಗ ಈಕೆ ಎಂಟು ತಿಂಗಳು ಒಬ್ಬಳೇ ಇಂಥದ್ದೊಂದನ್ನು ಎದೆಯಲ್ಲಿ ಇಟ್ಟುಕೊಂಡು ಟವೆಲ್ಲು ಹಿಂಡುತ್ತಿದ್ದಳೇ ಎಂದು ರಾಯರಿಗೆ ಆಗ ಹೊಳೆಯಿತು. ಹೇಗಾದರೂ ಮಾಡಿ ಈ ಕ್ಷಣವೇ ಆ ಭಾರ ಇಳಿಸಬೇಕು. ಪ್ರೀತಿ ಉಕ್ಕಿದಾಗ ಗಂಡಸರಿಗೆ ಬುದ್ಧಿ ಸ್ವಲ್ಪ ಹಿಂದೆ ಬೀಳುತ್ತದೆ. ಅವರು ಆಕೆಯ ಎರಡೂ ಕೈ ಹಿಡಿದುಕೊಂಡು ಸತ್ಯವನ್ನೇ ಹೇಳಿಬಿಟ್ಟರು.

“ಅಯ್ಯೋ ಹುಚ್ಚಿ, ನಿನ್ನ ಮಾತಿಂದ ನನಗೆ ಹೇಗೆ ಆಗತ್ತೆ? ಅವತ್ತು ನೀನು ಏನು ಹೇಳ್ತಿದ್ದೆ ಅಂತ ನಾನು ಕೇಳಿಸಿಕೊಳ್ತಾನೇ ಇರಲಿಲ್ಲ. ಗೋಡೌನಿನವರ ಬೀಗ ಯಾಕೆ ಸಿಕ್ಕಿಹಾಕಿಕೊಂಡಿದೆ ಅಂತ ಯೋಚಿಸ್ತಾ ಸುಮ್ಮನೆ ಹೂಂ ಹೂಂ ಅಂತಿದ್ದೆ.”

ಹೆಂಡತಿಯ ಅಳು ನಿಂತಿತು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

“ಅವತ್ತೊಂದು ದಿನ ಹಾಗಾ, ಯಾವಾಗಲೂ ಹಾಗೇನಾ?”

ರಾಯರು ಉತ್ತರ ಕೊಡುವುದಕ್ಕೆ ಒಂದು ಕ್ಷಣ ತಡಮಾಡಿದರು. ಮೂವತ್ತೊಂದು ವರ್ಷದ ದಾಂಪತ್ಯದಲ್ಲಿ ಅವರು ಮಾಡಿದ ಅತಿ ದೊಡ್ಡ ತಪ್ಪು ಆ ಒಂದು ಕ್ಷಣ. ಕೇಳದೇ ಇದ್ದಿದ್ದರೆ ಇಷ್ಟೆಲ್ಲ ಹೇಗೆ ಬಾಯಿಪಾಠ ಬರುತ್ತಿತ್ತು ಎಂದು ಅವರು ತಡವರಿಸುವಷ್ಟರಲ್ಲಿ ಹೊತ್ತು ಮೀರಿತ್ತು.

“ಬಾಯಿಪಾಠ ಮಾಡಿದ್ದೀರಿ ಸರಿ. ಒಂದನ್ನಾದ್ರೂ ಪಾಲಿಸಿದ್ದೀರಾ?”

ಅಲ್ಲಿಂದ ಶುರುವಾಯಿತು. ಎಂಟು ತಿಂಗಳು ಕಟ್ಟೆ ಕಟ್ಟಿ ನಿಲ್ಲಿಸಿದ್ದ ನೀರು. ಪುಸ್ತಕದ ಮೂಲೆ ಮಡಚಿದ್ದು, ಮನೆಯಿಡೀ ಫ್ಯಾನು ಹಾಕಿದ್ದು, ಯಾವುದನ್ನೂ ಆಕೆ ಮರೆತಿರಲಿಲ್ಲ. ಬೈಯುತ್ತಾ ಬೈಯುತ್ತಾ ಆಕೆ ಸಿಟ್ಟಿನಲ್ಲಿ ಬಿರಬಿರನೆ ಮುಂದೆ ನಡೆದರು. ರಾಯರು ಆಕೆಯನ್ನು ಸಮಾಧಾನಪಡಿಸುತ್ತಾ, ಇಡೀ ಎಂಟು ತಿಂಗಳಲ್ಲಿ ಓಡದಷ್ಟು ಜೋರಾಗಿ ಹಿಂದೆ ಓಡಿದರು. ಹಿಡಿಯಲು ಆಗಲಿಲ್ಲ. ಗೆರೆಯ ಬಳಿ ಸೀಟಿ ಮೇಡಂ ಪದಕಗಳ ಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯದನ್ನು ಹಿಡಿದುಕೊಂಡು ಕಾಯುತ್ತಿದ್ದರು. ಯಾರು ಮೊದಲು ಗೆರೆ ದಾಟಿದರೋ ಅವರ ಕೊರಳಿಗೆ ಹಾಕಿ ಚಪ್ಪಾಳೆ ತಟ್ಟಿದರು.

ರಾಯರ ಹೆಂಡತಿ ಅದನ್ನು ಗಮನಿಸಲೂ ಇಲ್ಲ. ಹತ್ತು ಕಿಲೋಮೀಟರಿನ ಪದಕವನ್ನು ಕೊರಳಲ್ಲಿ ಹಾಕಿಕೊಂಡೇ, ಬಸ್ಸಿನಲ್ಲಿ, ಬೀದಿಯಲ್ಲಿ, ಮೆಟ್ಟಿಲ ಮೇಲೆ, ಮನೆ ಮುಟ್ಟುವವರೆಗೂ ಬೈದರು. ಚೀಲ ಹೊತ್ತುಕೊಂಡು ಹಿಂದೆ ಬರುತ್ತಿದ್ದ ರಾಯರು ಈ ಸಲ ಒಂದು ಅಕ್ಷರವನ್ನೂ ಬಿಡದೆ ಕೇಳಿಸಿಕೊಂಡರು.