ಮಾವನ ಲಾರಿ ಆಫ್ ಆದ ದಿನ

ನಮ್ಮ ಸೋದರಮಾವ ಎರಡು ವರ್ಷ ಲಾರಿಯನ್ನು ಆಫೇ ಮಾಡಲಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ಅದು ಪೂರ್ತಿ ನಿಜವೂ ಅಲ್ಲ. ಹೊಂಗನೂರಿನ ಅವರ ಮನೆ ಪಕ್ಕದ ಇಳಿಜಾರಿನಲ್ಲಿ ಮಾತ್ರ ಆಫ್ ಮಾಡುತ್ತಿದ್ದರು. ಮಿಕ್ಕಂತೆ ಕನಕಪುರವಿರಲಿ, ರಾಮನಗರವಿರಲಿ, ಮಾವ ಇಳಿದು ಟೀ ಕುಡಿದು, ಕ್ಷೌರ ಮಾಡಿಸಿಕೊಂಡು, ನಾಲ್ಕು ಜನರ ಹತ್ತಿರ ಹರಟೆ ಹೊಡೆದು ಬರುವವರೆಗೂ ಲಾರಿ ನಿಂತಲ್ಲೇ ಗುಡುಗುಡು ಎನ್ನುತ್ತಿರುತ್ತಿತ್ತು!

ಆ ಲಾರಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಮೆಟ್ಟಿಲು ಹತ್ತುವಾಗ ಈಚೆಗೆ ನನ್ನ ಮಂಡಿಯೂ ಸದ್ದು ಮಾಡುತ್ತದೆ. ಹಾಗಾಗಿ ಲಾರಿಯನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಅದರ ಕಾಯಿಲೆಯೂ ದೊಡ್ಡದೇನಲ್ಲ. ಎಂಜಿನ್ನು ಓಡುವಾಗ ಬೆಲ್ಟು ಡೈನಮೊವನ್ನು ತಿರುಗಿಸಬೇಕು, ಡೈನಮೊ ಬ್ಯಾಟರಿಗಳಿಗೆ ಕರೆಂಟು ತುಂಬಬೇಕು. ಮಾವನ ಡೈನಮೊ ತಿರುಗುತ್ತಿತ್ತು, ಆದರೆ ತುಂಬುತ್ತಿರಲಿಲ್ಲ. ಕೆಲವು ಆಫೀಸುಗಳಲ್ಲಿ ಫ್ಯಾನು ತಿರುಗುತ್ತದೆ, ಗಾಳಿ ಬರುವುದಿಲ್ಲವಲ್ಲ, ಹಾಗೆ! ಹಳೇ ಡೀಸೆಲ್ ಎಂಜಿನ್ನು, ಒಮ್ಮೆ ಶುರುವಾದರೆ ಕರೆಂಟಿನ ಹಂಗಿಲ್ಲದೆ ಓಡುತ್ತದೆ. ನಿಂತರೆ ಮಾತ್ರ ಮುಗಿಯಿತು. ಮತ್ತೆ ಶುರು ಮಾಡಲು ಇಳಿಜಾರಾದರೂ ಬೇಕು, ತಳ್ಳುವ ಜನರಾದರೂ ಬೇಕು.

ಹೀಗಾಗಿ, ಅಕಸ್ಮಾತ್ ನಿಂತುಹೋದರೆ ಬೇಕಾಗುತ್ತದೆಂದು, ನಾಲ್ಕು ತಾಲ್ಲೂಕಿನ ಇಳಿಜಾರುಗಳೆಲ್ಲ ಮಾವನಿಗೆ ಬಾಯಿಪಾಠ.

“ಮಾಗಡಿ ಹೆಂಗಿದೆ ಮಾವ?” ಎಂದು ಕೇಳಿದರೆ, “ಬಂಗಾರದಂಥ ಊರು ಕಣವ್ವ, ಎಲ್ ನಿಲ್ಲುಸುದ್ರೂ ಇಳಿಜಾರು” ಎನ್ನುತ್ತಿದ್ದರು.

“ಚನ್ನಪಟ್ಟಣ?”

“ಥೂ, ತಟ್ಟೆ ಇದ್ದಂಗೈತೆ. ಅಲ್ಲಿ ಹೆಂಗ್ ಬದುಕ್ತೀಯವ್ವ ನೀನು?”

ಮರಳವಾಡಿಯ ಒಂದು ಮದುವೆಗೆ ಮಾವ ಇದೇ ಲಾರಿಯಲ್ಲಿ ಬಂದರು. ಛತ್ರದ ಪಕ್ಕ ನಿಲ್ಲಿಸಿ, ಎಂಜಿನ್ ಹಾಗೇ ಬಿಟ್ಟು, ಒಳಗೆ ಬಂದು ಅಕ್ಷತೆ ಹಾಕಿ, ಮೊದಲನೇ ಪಂಕ್ತಿಯಲ್ಲಿ ಊಟಕ್ಕೆ ಕೂತರು. ಓಲಗದವರು ಬಾರಿಸುತ್ತಿರುವುದು ಅವರಿಗೇ ಕೇಳಿಸುತ್ತಿರಲಿಲ್ಲ. ನಾನು ನಾಚಿಕೆಯಿಂದ ಕಂಬದ ಹಿಂದೆ ನಿಂತಿದ್ದೆ. ಗಂಡಿನ ಕಡೆಯ ಯಜಮಾನರೊಬ್ಬರು ಮಾವನನ್ನು ಹುಡುಕಿಕೊಂಡು ಬಂದಾಗ, ಇವತ್ತು ಜಗಳ ಗ್ಯಾರಂಟಿ ಅಂದುಕೊಂಡೆ. ಅವರು ಕೈಮುಗಿದು, “ಜನರೇಟ್ರು ನಿಮ್ದೇ ಅಂತಲ್ಲ ಸ್ವಾಮಿ, ಒಸಿ ಅಡ್ಗೆಮನೆಗೂ ಒಂದು ಲೈನ್ ಕೊಡಿ” ಎಂದರು!

ರಿಪೇರಿ ಮಾಡಿಸಬಹುದಿತ್ತಲ್ಲ ಎನ್ನುತ್ತೀರಾ? ರಿಪೇರಿ ಮಾಡಿಸಬೇಕಾದರೆ ಕೆಟ್ಟಿದೆ ಎಂದು ಒಪ್ಪಬೇಕು. ಮಾವ ಒಪ್ಪುವವರಲ್ಲ. ಡೈನಮೊ ಪರೀಕ್ಷೆಗೆ ಅವರದೇ ಒಂದು ವಿಧಾನವಿತ್ತು. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರನ್ನು ಚಟ್ ಅಂತ ಕಿತ್ತು, “ನೋಡ್ದಾ! ಎಂಜಿನ್ ನಿಲ್ಲಿಲ್ಲ. ಡೈನಮೊ ಗಟ್ಟಿಯಾಗೈತೆ” ಎನ್ನುವುದು.

“ಮಾವ, ಅದು ಡೀಸೆಲ್ ಎಂಜಿನ್ನು. ಡೈನಮೊ ಬಿಚ್ಚಿ ಮನೇಲಿಟ್ಟು ಬಂದರೂ ನಿಲ್ಲೋದಿಲ್ಲ.”

“ನಲವತ್ತು ವರ್ಸ ಸ್ಟೇರಿಂಗ್ ಹಿಡ್ದಿವ್ನಿ. ನಂಗೇ ಪಾಠ ಮಾಡ್ತೀಯಾ?”

ಒಂದು ಸಲ ಶಾಲೆಯ ಲ್ಯಾಬಿನಿಂದ ಮೀಟರನ್ನೇ ತಂದು ಅಳೆದು ತೋರಿಸಿದೆ. ಎರಡು ಬ್ಯಾಟರಿ ಸೇರಿ ಇಪ್ಪತ್ನಾಲ್ಕು ವೋಲ್ಟು. ಎಂಜಿನ್ ಓಡುವಾಗ ಇಪ್ಪತ್ತೇಳರ ಮೇಲೆ ಏರಬೇಕಾದ್ದು, ಇಪ್ಪತ್ತೆರಡರಲ್ಲೇ ಬಿದ್ದಿತ್ತು. ಮಾವ ಮೀಟರನ್ನು ಅಂಗೈಮೇಲೆ ಇಟ್ಟುಕೊಂಡು ತೂಕ ನೋಡಿದರು. “ಹಗುರ ಐತೆ. ಮಕ್ಕಳ ಲೆಕ್ಕಕ್ಕೆ ಸರಿ, ಲಾರಿ ಲೆಕ್ಕಕ್ಕೆ ಆಗಾಕಿಲ್ಲ” ಎಂದು ವಾಪಸ್ಸು ಕೊಟ್ಟರು.

ಕೊನೆಗೆ ಇವರನ್ನು ಬಗ್ಗಿಸಿದ್ದು ರೇಷ್ಮೆ ಹುಳು.

ನಮ್ಮ ಅತ್ತೆ ಹುಳು ಸಾಕುವುದರಲ್ಲಿ ಊರಿಗೇ ಎತ್ತಿದ ಕೈ. ಕಳೆದ ಬೇಸಿಗೆ ರಜದಲ್ಲಿ ನಾನು ಅಲ್ಲಿಗೆ ಹೋದಾಗ ಅವರದೂ ಅಕ್ಕಪಕ್ಕದ ಐದು ಮನೆಯವರದೂ ಒಟ್ಟಿಗೇ ಗೂಡು ಬಿಡಿಸುವುದಕ್ಕೆ ಬಂದಿತ್ತು. ಬಿಡಿಸಿದ ಗೂಡನ್ನು ತಡಮಾಡದೆ ರಾಮನಗರದ ಮಾರುಕಟ್ಟೆಗೆ ಮುಟ್ಟಿಸಬೇಕು. ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡನ್ನು ಕೇಳುವವರಿಲ್ಲ, ತಿಂಗಳಿಡೀ ನಿದ್ದೆಗೆಟ್ಟು ಸೊಪ್ಪು ಹಾಕಿದ್ದೆಲ್ಲ ನೀರುಪಾಲು. ಅವತ್ತು ಬೆಳಿಗ್ಗೆ ಆರೂ ಮನೆಯ ಗೂಡು ಮಾವನ ಲಾರಿಗೆ ಏರಿತು. ಡೇರಿ ಮುಂದಿನ ಸಮತಟ್ಟು ಜಾಗ. ಮೂಟೆ ಕಟ್ಟುವ ಭರದಲ್ಲಿ ಕ್ಯಾಬಿನ್ನಿನೊಳಗಿನ ಹಗ್ಗಕ್ಕೆ ಕೈಹಾಕಿ, ಮಾವನೇ ಎಂಜಿನ್ ನಿಲ್ಲಿಸುವ ಗುಂಡಿಯನ್ನೂ ಎಳೆದುಬಿಟ್ಟರು. ಲಾರಿ ಒಂದು ಸಲ ಬಿಕ್ಕಿ, ತಣ್ಣಗಾಯಿತು.

ಊರೆಲ್ಲ ಸೇರಿ ತಳ್ಳಿತು. ನಾನೂ ತಳ್ಳಿದೆ. ಲಾರಿ ಡೇರಿಯಿಂದ ಸೊಸೈಟಿಯವರೆಗೆ ಬಂದು, ಅಲ್ಲೇ ಕೂತಿತು. ಕಡೆಗೆ ಒಂದು ಟ್ರಾಕ್ಟರ್ ಕಟ್ಟಿ ಎಳೆದಾಗ ಎಂಜಿನ್ ಗುಡುಗಿತು. ಮಾವ ಗೆದ್ದವರ ಹಾಗೆ ಮೀಸೆ ಮುಟ್ಟಿಕೊಂಡು, “ನಡೀರಿ, ಹತ್ತಿ” ಎಂದರು.

ಅತ್ತೆ ಹತ್ತಲಿಲ್ಲ. ಲಾರಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತರು.

“ದಾರೀಲಿ ಇಂಗೇ ನಿಂತ್ರೆ? ಆರ್ ಮನೆ ಗೂಡು ಐತೆ ಇದ್ರಲ್ಲಿ. ಮದ್ಲು ಸರಿ ಮಾಡ್ಸಿ, ಆಮೇಲೆ ಹೊರ್ಡಿ.”

“ನಿಲ್ಲಾಕಿಲ್ಲ ಕಣೇ!”

“ಈಗ ನಿಂತಿದ್ದು ನಮ್ಮಪ್ಪಂದಾ?”

ಊರೇ ನಕ್ಕಿತು. ಮಾವನ ಮೀಸೆ ಇಳಿಯಿತು. ನಾನು ಸ್ಕೂಟರ್ ಹತ್ತಿ ಚನ್ನಪಟ್ಟಣಕ್ಕೆ ಹೋಗಿ, ಅಲ್ಲಿನ ಹಳೇ ಎಲೆಕ್ಟ್ರಿಷಿಯನ್ ಒಬ್ಬರನ್ನು ಹಿಂದೆ ಕೂರಿಸಿಕೊಂಡು ಬಂದೆ. ದಪ್ಪ ಕನ್ನಡಕ, ಕಂಕುಳಲ್ಲಿ ಒಂದು ಬಟ್ಟೆಚೀಲ. ಬೆಲ್ಟು ಒತ್ತಿ ನೋಡಿದರು, ಸರಿಯಿತ್ತು. ಬ್ಯಾಟರಿಯ ತಲೆಯ ಮೇಲಿನ ಬಿಳೀ ಕಿಲುಬನ್ನು ಉಜ್ಜಿ ತೆಗೆದರು. ಆದರೂ ಅವರ ಮೀಟರು ಇಪ್ಪತ್ತೆರಡರಿಂದ ಅಲುಗಲಿಲ್ಲ. ಆಮೇಲೆ ಕ್ಯಾಬಿನ್ನಿಗೆ ಹತ್ತಿ, ಸ್ಟೇರಿಂಗಿನ ಮುಂದಿದ್ದ ಒಂದು ಪುಟ್ಟ ತೂತಿನೊಳಗೆ ಬೆರಳಿಟ್ಟರು.

“ಯಜಮಾನ್ರೇ, ಇಲ್ಲೊಂದು ಕೆಂಪು ಬಲ್ಬ್ ಇರ್ಬೇಕಲ್ಲ, ಎಲ್ಲಿ?”

“ಅದಾ? ಕಿತ್ತಾಕ್ಬುಟ್ಟೆ.”

“ಯಾವಾಗ?”

“ಆಯ್ತು ಎರಡ್ ವರ್ಸ. ಬೆಲ್ಟ್ ಲೂಸಾಗಿತ್ತು, ಇದು ದಿನಾ ಕಣ್ ಮುಂದೇನೇ ಉರ್ಕೊಂಡ್ ಕೂತ್ಕಳದು. ಕಿತ್ತು ಎಸ್ದೆ. ಬೆಲ್ಟ್ನ ಮಾರ್ನೇ ದಿನ್ವೇ ಟೈಟ್ ಮಾಡ್ದೆ ಕಣಪ್ಪ!”

ಎಲೆಕ್ಟ್ರಿಷಿಯನ್ ಕನ್ನಡಕ ತೆಗೆದು ಒರೆಸಿಕೊಂಡರು. “ಡೈನಮೊ ಎದ್ದೇಳ್ಬೇಕಾದ್ರೆ ಮೊದಲ ಕರೆಂಟು ಈ ಬಲ್ಬಿನ ಮೂಲಕವೇ ಹೋಗ್ಬೇಕು. ಎರಡು ವರ್ಷದಿಂದ ಅದನ್ನ ಎಬ್ಬಿಸೋರೇ ಇಲ್ಲ. ಪಾಪ, ಮಲಗಿದೆ.”

ಚೀಲದಿಂದ ಕಡಲೆಕಾಳಿನಷ್ಟು ಬಲ್ಬೊಂದನ್ನು ತೆಗೆದು ಕೂರಿಸಿದರು. ಕೆಂಪಗೆ ಒಮ್ಮೆ ಮಿನುಗಿ ಆರಿತು. ಮೀಟರಿನ ಅಂಕಿ ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೇಳೂವರೆ! ಎರಡು ವರ್ಷದ ಇಳಿಜಾರು, ನೂರಾರು ಜನರ ತಳ್ಳಾಟ, ಮರಳವಾಡಿಯ ಓಲಗ, ಎಲ್ಲದಕ್ಕೂ ಕಾರಣ ಇಷ್ಟೇ! ಮಾವ ಬಹಳ ಹೊತ್ತು ಮೀಟರನ್ನೇ ನೋಡಿ, ಗಂಭೀರವಾಗಿ ಕೇಳಿದರು:

“ಈ ಮೀಟ್ರು ಸರ್ಯಾಗೈತಾ?”

ಮಾರುಕಟ್ಟೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿದೆವು. ಗೂಡೆಲ್ಲ ಒಳ್ಳೇ ರೇಟಿಗೆ ಹೋಯಿತು. ಅಭ್ಯಾಸಬಲದಿಂದ ಮಾವ ಅಲ್ಲೂ ಎಂಜಿನ್ ಆಫ್ ಮಾಡಲಿಲ್ಲ. ವಾಪಸ್ಸು ಬರುವಾಗ ಕ್ಯಾಬಿನ್ನಿನಲ್ಲಿ ನಾವು ಮೂವರೇ. ಹೊಂಗನೂರು ಇನ್ನೂ ಒಂದೆರಡು ಮೈಲಿ ಇದೆ ಎನ್ನುವಾಗ ಮಾವ ಒಂದು ಹುಣಸೇಮರದ ಕೆಳಗೆ ಲಾರಿ ನಿಲ್ಲಿಸಿದರು. ಸಮತಟ್ಟು ರಸ್ತೆ. ಗುಂಡಿ ಎಳೆದು ಎಂಜಿನ್ ಆಫ್ ಮಾಡಿದರು.

ಆ ಲಾರಿಯಲ್ಲಿ ಕೂತ ನನಗೆ ಹಕ್ಕಿ ಕೂಗುವುದು ಕೇಳಿಸಿದ್ದು ಅದೇ ಮೊದಲು.

ಮಾವ ಅತ್ತೆಯ ಕಡೆ ತಿರುಗಲಿಲ್ಲ. ಸ್ಟೇರಿಂಗ್ ಹಿಡಿದೇ ಹೇಳಿದರು.

“ಹೋದ್ ವರ್ಸ ನಿನ್ ಎದೆ ಗಂಟು ತೋರ್ಸಕ್ಕೆ ಆಸ್ಪತ್ರೆಗೆ ಹೋಗಿದ್ವಲ್ಲ. ಲಾರಿ ಆಫ್ ಮಾಡ್ದೆ ಬುಟ್ ಬರಂಗಿಲ್ಲ ಅಂದ್ರು ಅಲ್ಲಿ, ಅದ್ಕೇ ನಾನ್ ಹೊರ್ಗೇ ಕೂತಿದ್ದೆ. ನೀನೊಬ್ಳೇ ಒಳಕ್ಕೆ ಹೋದೆ.”

“ಅದ್ಯಾಕೀಗ? ಏನೂ ಇಲ್ಲ ಅಂತ ರಿಪೋರ್ಟ್ ಬಂತಲ್ಲ, ಬುಡಿ.”

“ಬರ್ವಾಗ ಈ ದಾರೀಲಿ ನೀನ್ ಏನೋ ಅಂದೆ. ನಾನ್ ಹೂಂ ಹೂಂ ಅಂತ ತಲೆ ಆಡ್ಸುದೆ. ಎಂಜಿನ್ ಸದ್ದಿಗೆ ಒಂದೂ ಕೇಳಿಸಿರ್ಲಿಲ್ಲ ಕಣೇ. ಏನಂದೆ?”

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ಹೆದ್ರಿಕೆ ಆಯ್ತೈತೆ ಅಂದೆ.”

ಮಾವ ಸ್ಟೇರಿಂಗ್ ಬಿಟ್ಟರು. ಅವರ ಕೈ ಎಲ್ಲಿಗೆ ಹೋಯಿತು ಎಂದು ನಾನು ನೋಡಲಿಲ್ಲ. ಟೈರು ನೋಡಿಕೊಂಡು ಬರುತ್ತೇನೆಂದು ಹೇಳಿ ಇಳಿದೆ. ಆರೂ ಟೈರನ್ನು ಎರಡೆರಡು ಸಲ ನೋಡಿದೆ. ರಸ್ತೆಯಲ್ಲಿ ಹೋಗುವ ಪರಿಚಯದವರೆಲ್ಲ ಬೈಕು ನಿಧಾನಿಸಿ, “ಯಾಕವ್ವ, ಕೆಟ್ಟೋಯ್ತಾ? ತಳ್ಳಾಣ್ವಾ?” ಎಂದು ಕೇಳುತ್ತಿದ್ದರು. ಬೇಡ ಎಂದು ಎಲ್ಲರಿಗೂ ಕೈಯಾಡಿಸಿ ಕಳಿಸಿದೆ. ಮೇಲೆ ಕ್ಯಾಬಿನ್ನಿನಲ್ಲಿ ಅತ್ತೆ ಸಣ್ಣ ದನಿಯಲ್ಲಿ ಏನೋ ಹೇಳುತ್ತಲೇ ಇದ್ದರು. ಮಾವ ಒಂದು ಸಲವೂ ಹೂಂ ಎನ್ನಲಿಲ್ಲ.