ರೇಡಿಯೊ ಭಾವ ಕುಣಿಸಿದ ದಿನ

ಬಾಯಿ ಮುಚ್ಚಿಕೊಂಡು ಕೂತಿದ್ದರೆ ರೇಡಿಯೊ ಭಾವನಿಗೆ ಆ ದಿನ ಏನೂ ಆಗುತ್ತಿರಲಿಲ್ಲ. ಆದರೆ ಹದಿನೆಂಟು ವರ್ಷ ಮೈಕಿನ ಮುಂದೆ ಮಾತಾಡಿಯೇ ಅನ್ನ ತಿಂದವನ ಬಾಯಿ ಅದು. ಮುಚ್ಚು ಎಂದರೆ ಮುಚ್ಚುವ ಜಾತಿಯದಲ್ಲ.

ಬೆಳಿಗ್ಗೆ ಎಂಟೂವರೆಗೆ ಅವನು ಸ್ಟುಡಿಯೊಗೆ ಬಂದಾಗ ಧಣಿ ಅಳತೆ ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದರು. ಧಣಿಯದು ಹಾಸಿಗೆ ಅಂಗಡಿ. ಅದರ ಮಹಡಿಯ ಮೇಲಿನ ಒಂದೂವರೆ ಕೋಣೆಯೇ ಊರಿನ ರೇಡಿಯೊ. ಹೊರಗಿನ ಸದ್ದು ಒಳಗೆ ಬರದಿರಲೆಂದು ನಾಲ್ಕೂ ಗೋಡೆಗೆ ಮಾರಾಟವಾಗದ ಹಾಸಿಗೆಗಳನ್ನು ಬಡಿದಿದ್ದರು. ಮಧ್ಯಾಹ್ನದ ಸುದ್ದಿ ಓದುವಾಗ ಗೋಡೆಗೆ ಒರಗಿದರೆ ಸುದ್ದಿ ಮುಗಿಯುವ ಮೊದಲೇ ಕಣ್ಣು ಮುಚ್ಚುತ್ತಿತ್ತು.

"ಏನು ಧಣಿ, ಹೊಸ ಮೈಕ್ ತರಿಸ್ತೀರಾ?"

"ಮೈಕಲ್ಲಪ್ಪ, ದಿಂಬು. ಈ ರೂಮಲ್ಲಿ ನಾನೂರು ದಿಂಬು ಹಿಡಿಯುತ್ತೆ. ರೇಡಿಯೊ ಮುಚ್ಚಿಬಿಡೋಣ. ಜಾಹೀರಾತು ಕೊಡೋರು ಬರೀ ಮೂರು ಜನ ಉಳಿದಿದ್ದಾರೆ. ನಿನ್ನ ಹಳೇ ಹಾಡು ಕೇಳಿ ಕೇಳಿ ಊರೇ ಆಕಳಿಸ್ತಿದೆ."

ಐವತ್ತೆರಡನೆಯ ವಯಸ್ಸಿನಲ್ಲಿ ಭಾವ ಬೇರೆಲ್ಲಿಗೆ ಹೋದಾನು? ಅವನಿಗೆ ಬರುತ್ತಿದ್ದುದು ಇದೊಂದೇ ಕೆಲಸ. ಆಗಲೇ ಬಾಯಿ ತಾನಾಗಿ ತೆರೆದುಕೊಂಡಿತು.

"ಧಣಿ, ಡಾನ್ಸ್ ಹಾಡು ಹಾಕೋಣ! ಬೆಳಗಿಂದ ಸಂಜೆವರೆಗೂ ಬರೀ ಡಾನ್ಸು. ಊರು ಎದ್ದು ಕೂರುತ್ತೆ."

"ಅಯ್ಯೋ ಮಂಕೇ, ನಾನು ಹಾಸಿಗೆ ಮಾರೋನು. ಜನ ಎದ್ದು ಕೂತ್ರೆ ನನ್ನ ಹಾಸಿಗೆ ಯಾರಿಗೆ ಬೇಕು?"

"ಕುಣಿದು ಸುಸ್ತಾದೋರಿಗೆ, ಧಣಿ."

ಧಣಿ ಟೇಪನ್ನು ಸರ್ರನೆ ಒಳಗೆ ಬಿಟ್ಟು ಯೋಚಿಸಿದರು. "ಸರಿ. ಇವತ್ತೊಂದು ದಿನ. ಸಂಜೆ ಐದರೊಳಗೆ ಜಾಹೀರಾತು ಕೊಡೋ ಒಬ್ಬನಾದ್ರೂ ಫೋನ್ ಮಾಡಿ 'ಚೆನ್ನಾಗಿದೆ' ಅನ್ನಬೇಕು. ಹಳಬನೋ ಹೊಸಬನೋ, ಒಬ್ಬ ಸಾಕು. ಇಲ್ಲಾಂದ್ರೆ ದಿಂಬು."

ಒಂಬತ್ತಕ್ಕೆ ಸರಿಯಾಗಿ ಭಾವ ಗುಂಡಿ ಒತ್ತಿದ. ಧಡ್ ಧಡ್ ಧಡ್ ಎಂದು ಹಾಡು ಹೊರಟಿತು. ಗೋಡೆಯ ಹಾಸಿಗೆಗಳಿಂದ ಹದಿನೆಂಟು ವರ್ಷದ ಧೂಳು ಎದ್ದಿತು. ಪಕ್ಕದ ಅರ್ಧ ಕೋಣೆಯಲ್ಲಿ ಫೋನೆತ್ತುವ ಹೆಂಗಸು, ಎಲ್ಲರ ಬಾಯಲ್ಲಿ ಫೋನಕ್ಕ, ನೋಟ್‌ಬುಕ್ಕಿನ ನಡುವೆ ಗೆರೆ ಎಳೆದು ಒಂದು ಕಡೆ 'ಹೊಗಳಿದ್ದು', ಇನ್ನೊಂದು ಕಡೆ 'ಬೈದಿದ್ದು' ಎಂದು ಬರೆದು ಪೆನ್ನು ಕಿವಿಗೆ ಸಿಕ್ಕಿಸಿಕೊಂಡಳು.

ಒಂಬತ್ತೂ ಕಾಲಿಗೆ ಮೊದಲ ಫೋನು. ಜಾಹೀರಾತಿನ ಮೂವರಲ್ಲಿ ಒಬ್ಬನಾದ ಕ್ಷೌರದಂಗಡಿಯವನು.

"ಏನಯ್ಯಾ ಮಾಡ್ದೆ ಭಾವ! ಇಷ್ಟು ದಿನ ನಿನ್ನ ನಿಧಾನದ ಹಾಡಿಗೆ ಕತ್ತರಿ ಆಡಿಸಿ ರೂಢಿ ಕಣಯ್ಯ. ಇವತ್ತು ನನ್ನ ಕೈ ನನ್ನ ಮಾತು ಕೇಳ್ತಿಲ್ಲ! ಹೆಡ್ಮಾಸ್ಟರ ಅರ್ಧ ಮೀಸೆ ಹೋಯ್ತು!"

"ಇನ್ನರ್ಧಾನೂ ತೆಗೆದುಬಿಡಿ, ಸಮ ಆಗುತ್ತೆ."

"ಅದನ್ನೇ ಹೇಳಿದೆ. ಅವರು ಟವೆಲ್ ಹೊದ್ಕೊಂಡೇ ನಿನ್ನ ಹುಡುಕ್ಕೊಂಡು ಹೊರಟಿದ್ದಾರೆ. ನನ್ನ ಜಾಹೀರಾತು ತೆಗಿ!"

ಫೋನಕ್ಕ 'ಬೈದಿದ್ದು' ಕಡೆ ಒಂದು ಗೀಟು ಎಳೆದಳು.

ಹನ್ನೊಂದಕ್ಕೆ ಡ್ರೈವಿಂಗ್ ಸ್ಕೂಲಿನ ಮಾಸ್ತರರು. ಅವರ ದನಿ ಬಾವಿಯೊಳಗಿನಿಂದ ಬಂದಂತಿತ್ತು. "ಭಾವಯ್ಯ, ನನ್ನ ಶಿಷ್ಯೆಗೆ ಆರು ವಾರದಿಂದ ಎರಡನೇ ಗೇರು ದಾಟಕ್ಕೆ ಭಯ. ಇವತ್ತು ಕಾರಿನ ರೇಡಿಯೊ ಹಾಕಿದ್ವಿ. ನಾಲ್ಕನೇ ಗೇರು. ಎರಡು ಸಿಗ್ನಲ್ ದಾಟಿದ್ಲು, ಒಂದು ಉದ್ಯಾನಾನೂ ದಾಟಿದ್ಲು."

"ಪಾಸಾದ ಹಾಗಾಯ್ತಲ್ಲ, ಮಾಸ್ತರೇ?"

"ಕಾರಂಜಿ ಒಳಗೆ ನಿಂತಿದ್ದೀವಿ. ಅವಳು ಇನ್ನೂ ತಲೆ ಆಡಿಸ್ತಾ ಇದ್ದಾಳೆ. ನನ್ನ ಜಾಹೀರಾತು ಬೇಡಪ್ಪ, ನಿನ್ನ ಸಹವಾಸಾನೇ ಬೇಡ."

ಇನ್ನೊಂದು ಗೀಟು.

ಊಟದ ಹೊತ್ತಿಗೆ ಮೂರನೆಯವನಾದ ಫೋಟೋ ಸ್ಟುಡಿಯೊದವನು ಫೋನಿನಲ್ಲೇ ಅತ್ತುಬಿಟ್ಟ. ಒಂದೇ ಮನೆಯ ಇಪ್ಪತ್ತೊಂದು ಜನರನ್ನು ಸಾಲಾಗಿ ನಿಲ್ಲಿಸಿ ಹನ್ನೊಂದು ಸಲ ತೆಗೆದನಂತೆ. ಒಂದರಲ್ಲಿ ಅಜ್ಜಿ ರೇಡಿಯೊ ತಾಳಕ್ಕೆ ಎಡಕ್ಕೆ ವಾಲಿದ್ದರೆ ಇನ್ನೊಂದರಲ್ಲಿ ಅಳಿಯ ಬಲಕ್ಕೆ ವಾಲಿದ್ದ. ಹನ್ನೊಂದನೆಯದರಲ್ಲಿ ಅತ್ತೆ ಸೊಸೆ ಕೈ ಹಿಡಿದುಕೊಂಡಿದ್ದರು. "ಆ ಮನೇಲಿ ಅವರಿಬ್ರು ಮಾತಾಡಿ ಏಳು ವರ್ಷ ಆಗಿತ್ತು ಭಾವ! ಫೋಟೋ ನೋಡಿ ಇಬ್ರಿಗೂ ನಾಚಿಕೆ, ಇಬ್ರೂ ನನಗೇ ಬೈದ್ರು. ನನ್ನ ಜಾಹೀರಾತೂ ತೆಗಿ!"

ಮೂವರೂ ಹೋದರು. ಭಾವ ತಂದಿದ್ದ ಬುತ್ತಿ ಬಿಚ್ಚಿದವನು ಹಾಗೇ ಮುಚ್ಚಿದ.

ಮೂರು ಗಂಟೆಗೆ ಮುದುಕಿಯೊಬ್ಬರ ಫೋನು. "ಮಗಾ, ನನಗೆ ಕಿವಿ ಕೇಳಲ್ಲ. ಆದ್ರೆ ಇವತ್ತು ನಿನ್ನ ರೇಡಿಯೊ ಪಕ್ಕ ಇಟ್ಟಿದ್ದ ಲೋಟ ತಾನೇ ನಡ್ಕೊಂಡು ನನ್ನ ಹತ್ರ ಬಂತು. ತುಂಬಾ ಚೆನ್ನಾಗಿದೆ."

"ಅಜ್ಜಿ, ಜಾಹೀರಾತು ಏನಾದ್ರೂ ಕೊಡ್ತೀರಾ?" ಎಂದು ಭಾವ ಕಿರುಚಿದ.

"ನಾನು ಚೆನ್ನಾಗಿದ್ದೀನಿ ಮಗಾ, ನೀನು ಚೆನ್ನಾಗಿದ್ದೀಯಾ?"

ನಾಲ್ಕೂವರೆಗೆ ಧಣಿ ಮೆಟ್ಟಿಲು ಹತ್ತಿ ಬಂದರು. ಹಿಂದೆಯೇ ಇಬ್ಬರು ಆಳುಗಳು ಎದೆಯೆತ್ತರ ದಿಂಬು ಹೊತ್ತು ಬಂದು ಮೈಕಿನ ಪಕ್ಕದಲ್ಲೇ ಇಳಿಸಿದರು. ಭಾವ ಗಡಿಯಾರ ನೋಡಿದ. ಐದಕ್ಕೆ ಹನ್ನೆರಡು ನಿಮಿಷ ಇತ್ತು. ಕೊನೆಯ ಹಾಡು ಹಾಕಿ, ಕೇಳುಗರಿಗೆ ಏನು ಹೇಳಿ ಬೀಳ್ಕೊಡಲಿ ಎಂದು ಗಂಟಲು ಸರಿಪಡಿಸಿಕೊಳ್ಳುವಾಗ ಫೋನು ಹೊಡೆದುಕೊಂಡಿತು.

ಫೋನಕ್ಕ ಎತ್ತಿದಳು. ಅವಳ ಹುಬ್ಬು ಹಣೆ ದಾಟಿ ಕೂದಲಿಗೆ ತಾಗಿತು. "ಗಾರ್ಮೆಂಟ್ಸ್ ಮ್ಯಾನೇಜರು. ನಿಮ್ಮನ್ನೇ ಕೇಳ್ತಿದ್ದಾರೆ, ಭಾವ."

ಊರಾಚೆಯ ಗಾರ್ಮೆಂಟ್ಸ್ ಎಂದರೆ ಮುನ್ನೂರು ಹೊಲಿಗೆ ಮೆಷಿನ್ನುಗಳ ದೊಡ್ಡ ಶೆಡ್ಡು. ದಿನವಿಡೀ ಅಲ್ಲಿ ರೇಡಿಯೊ ಹಾಕುತ್ತಿದ್ದರೂ ಜಾಹೀರಾತು ಮಾತ್ರ ಒಂದು ದಿನವೂ ಕೊಟ್ಟಿರಲಿಲ್ಲ.

"ಏನ್ರೀ ಮೋಡಿ ಮಾಡಿದ್ರಿ!" ಮ್ಯಾನೇಜರ ದನಿ ಕೋಣೆಗೆಲ್ಲ ಕೇಳಿಸುತ್ತಿತ್ತು. "ಸೂಪರ್‌ವೈಸರುಗಳು ಕೂಗಿ ಕೂಗಿ ಗಂಟಲು ಹರ್ಕೊಂಡ್ರೂ ದಿನಕ್ಕೆ ಒಂದು ಬ್ಯಾಚಿನವರು ಹೊಲಿಯೋದು ಆರುನೂರು ಶರ್ಟು ದಾಟ್ತಿರಲಿಲ್ಲ. ಇವತ್ತು ಕಾಲು ಪೆಡಲ್ ಮೇಲೆ ನಿಮ್ಮ ಹಾಡಿನ ಜೊತೆ ಓಡ್ತು ನೋಡಿ, ಎಂಟುನೂರು! ತುಂಬಾ ಚೆನ್ನಾಗಿದೆ! ಒಂದು ವರ್ಷದ ಜಾಹೀರಾತು ನಮ್ಮದೇ. ಹಾಡು ಮಾತ್ರ ಬದಲಾಯಿಸೋ ಹಾಗಿಲ್ಲ."

ಧಣಿ ಭಾವನನ್ನು ಅಪ್ಪಿಕೊಂಡರು. ಫೋನಕ್ಕ 'ಹೊಗಳಿದ್ದು' ಕಡೆ ಅಷ್ಟುದ್ದದ ಗೀಟು ಎಳೆದಳು. ಆಳುಗಳು ಗೊಣಗುತ್ತಾ ದಿಂಬುಗಳನ್ನು ಮತ್ತೆ ಹೊತ್ತರು. ಧಣಿ ಅಲ್ಲೇ ನಿಂತು ಕರಾರಿಗೆ ಒಪ್ಪಿಗೆ ಕೊಟ್ಟರು.

ಕತ್ತಲಾದ ಮೇಲೆ ಭಾವ ಮನೆಯ ಬೀದಿಗೆ ತಿರುಗಿದಾಗ ಅವನ ಚಪ್ಪಲಿ ನೆಲಕ್ಕೆ ತಾಗುತ್ತಿರಲಿಲ್ಲ. ಮೊದಲು ಹೆಂಡತಿಗೆ ಹೇಳಬೇಕು. ಬೀದಿಯವರಿಗೆಲ್ಲ ಅವಳು ಅಕ್ಕ. ಹಾಗಾಗಿಯೇ ಇವನು ಊರಿಗೆಲ್ಲ ಭಾವ.

ಮನೆಯ ಜಗಲಿಯ ಮೇಲೆ ಹದಿನಾಲ್ಕು ಹೆಂಗಸರು ಸಾಲಾಗಿ ಕೂತಿದ್ದರು. ಎಲ್ಲರ ಕಾಲೂ ಬಿಸಿನೀರಿನ ಬಕೆಟ್ಟುಗಳಲ್ಲಿದ್ದವು. ನಡುವೆ ಅವನ ಹೆಂಡತಿ. ಭಾವನ ನಗು ಅರ್ಧದಲ್ಲೇ ನಿಂತಿತು. ಅವಳು, ಅವಳ ಅಕ್ಕಪಕ್ಕದವರು, ಬೀದಿಯ ಹೆಂಗಸರೆಲ್ಲ ದಿನಾ ಬೆಳಿಗ್ಗೆ ಬಸ್ಸು ಹತ್ತುತ್ತಿದ್ದುದು ಅದೇ ಗಾರ್ಮೆಂಟ್ಸಿಗೆ. ಜಾಹೀರಾತಿನ ಸಂಭ್ರಮದಲ್ಲಿ ಅದೊಂದು ಅವನ ತಲೆಗೆ ಹೊಳೆದೇ ಇರಲಿಲ್ಲ.

"ಬನ್ನಿ, ಬನ್ನಿ," ಎಂದಳು ಹೆಂಡತಿ, ಬೆಣ್ಣೆಯಂಥ ದನಿಯಲ್ಲಿ. ಆ ದನಿ ಕೇಳಿದರೆ ಅವನಿಗೆ ಯಾವತ್ತೂ ಭಯ. "ನಾಳೆಯಿಂದ ದಿನಾ ಬ್ಯಾಚಿಗೆ ಎಂಟುನೂರು ಶರ್ಟೇ ಅಂತೆ. ಬೋರ್ಡಲ್ಲಿ ಬರೆದು ಅಂಟಿಸಿದ್ದಾರೆ."

"ನಂಗೇನು ಗೊತ್ತು ಕಣೇ, ಅವರು ಹೀಗೆ..."

"ಬೈತಿಲ್ಲ ಭಾವ," ಎಂದಳು ಪಕ್ಕದ ಮನೆಯವಳು. "ಕಾಲು ತಡೀಲಿಲ್ಲ, ಅಷ್ಟೆ. ಇಂಥ ಹಾಡು ಹಾಕಿದೋರು ಕುಣಿಯೋದು ನೋಡ್ಬೇಕು ಅಂತ ಎಲ್ರಿಗೂ ಆಸೆ."

"ನಾನಾ? ನಂಗೆ ಬರಲ್ಲಮ್ಮಾ!"

"ನಮಗೆ ಬರ್ತಿತ್ತಾ?" ಎಂದರು ಹದಿನಾಲ್ಕೂ ಜನ ಒಟ್ಟಿಗೆ.

ಹೆಂಡತಿ ಮೊಬೈಲಿನಲ್ಲಿ ಹಾಡು ಹಚ್ಚಿದಳು. ಭಾವ ಮೊದಲು ಎಡಗಾಲು ಎತ್ತಿದ, ಆಮೇಲೆ ಬಲಗಾಲು. ಒಲೆಯ ಮೇಲೆ ಕಾಲಿಟ್ಟ ಕೊಕ್ಕರೆಯಂತೆ ಕುಣಿದ. ಹೆಂಗಸರು ಬಕೆಟ್ಟಿನಲ್ಲಿ ಕಾಲಾಡಿಸುತ್ತಾ ಚಪ್ಪಾಳೆ ತಟ್ಟಿ ಹೆಜ್ಜೆ ಎಣಿಸಿದರು. ಇನ್ನೂರು ದಾಟುವಷ್ಟರಲ್ಲಿ ಅವನ ಶರ್ಟು ಒದ್ದೆಯಾಗಿ ಬೆನ್ನಿಗಂಟಿತ್ತು. ಪಾಪ ಅನ್ನಿಸಿತೇನೋ, ಹೆಂಡತಿ ಎದ್ದು ಹಾಡು ನಿಲ್ಲಿಸಲು ಕೈ ಚಾಚಿದಳು.

ಆಗಲೇ ಭಾವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಏದುಸಿರಿನಲ್ಲಿ ತಡಕಾಡಿ ಎತ್ತುವಾಗ ಬೆರಳು ಸ್ಪೀಕರಿಗೆ ತಾಗಿತು.

"ಭಾವಾ!" ಧಣಿಯ ದನಿ ಜಗಲಿಗೆಲ್ಲ ಕೇಳಿಸಿತು. "ಮ್ಯಾನೇಜರು ಮತ್ತೆ ಫೋನ್ ಮಾಡಿದ್ರು. ಒಂದೇ ಒಂದು ಸಣ್ಣ ಬೇಡಿಕೆಯಂತೆ. ನಾಳೆಯಿಂದ ಇನ್ನೊಂಚೂರು ಸ್ಪೀಡಾಗಿರೋ ಹಾಡು ಹಾಕ್ಬೇಕಂತೆ!"

ಚಪ್ಪಾಳೆ ನಿಂತಿತು. ಹದಿನಾಲ್ಕು ಬಕೆಟ್ಟುಗಳ ನೀರೂ ಅಲುಗಾಡಲಿಲ್ಲ.

ಹೆಂಡತಿ ಚಾಚಿದ್ದ ಕೈಯಲ್ಲೇ ಮುಂದಿನ ಹಾಡು ಹುಡುಕಿ ಹಾಕಿ, ಮತ್ತೆ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಳು.

"ಧಣಿ ಹೇಳಿದ್ದು ಕೇಳಿಸ್ತಲ್ಲ?" ಎಂದಳು. "ಇನ್ನೊಂಚೂರು ಸ್ಪೀಡು."